ಹೂದಾನಿಯ ಹೂವು: ಮಿತವ್ಯಯದಲ್ಲಿ ಮನೆಯ ಅಲಂಕಾರ

ನಮ್ಮ ಕನ್ನಡ ಮನೆಗಳಲ್ಲಿ ಹೂವಿಗೆ ಕೊರತೆಯಿಲ್ಲ. ದೇವರ ಪೀಠಕ್ಕೆ ಸೇವಂತಿಗೆ, ಬಾಗಿಲಿಗೆ ಚೆಂಡುಹೂವಿನ ತೋರಣ, ಮುಡಿಗೆ ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರದ ಮಲ್ಲಿಗೆ ಇವೆಲ್ಲ ನಮಗೆ ಹಿರಿಯರಿಂದ ಬಂದ ಅಭ್ಯಾಸಗಳು. ಆದರೆ ಕಾಂಡಸಹಿತ ಹೂಗಳನ್ನು ನೀರಿನಲ್ಲಿ ನಿಲ್ಲಿಸಿ ಹೂದಾನಿಯನ್ನು ಸಿಂಗರಿಸುವುದು ನಮ್ಮಲ್ಲಿ ಅಷ್ಟಾಗಿ ರೂಢಿಯಲ್ಲಿಲ್ಲ. ಹಿಂದೊಮ್ಮೆ ನಮ್ಮ ಮನೆಯ ಸೀಮಂತದ ಮುನ್ನಾದಿನ ತಂದ ಜರ್ಬೆರಾ ಹೂಗಳು, ಮರುದಿನ ಅತಿಥಿಗಳು ಬರುವಷ್ಟರಲ್ಲಿ ಕತ್ತು ಬಾಗಿಸಿ ನಿಂತಿದ್ದವು. ಹೂವು ಹಳೆಯದೆಂದು ನಾವು ದೂರಿದೆವು. ದೋಷವಿದ್ದುದು ನಮ್ಮ ತೊಳೆಯದ ಹೂದಾನಿಯಲ್ಲಿ ಮತ್ತು ಅದರ ಕಂಠದವರೆಗೆ ತುಂಬಿಸಿದ ನೀರಿನಲ್ಲಿ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ. ಆ ಅನುಭವದ ಹಿನ್ನೆಲೆಯಲ್ಲಿ ಕೆಲವು ಉಪಯುಕ್ತ ವಿಷಯಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಕೊಳ್ಳುವ ಬಗೆ

ನೌಪಾಡಾದ ನಿವಾಸಿಗಳಿಗೆ ಗೋಖಲೆ ರಸ್ತೆಯ ಆಸುಪಾಸಿನ ಹೂವಾಡಿಗರೂ ಜಾಂಭಳಿ ನಾಕಾದ ಪೇಟೆಯೂ ಸಮೀಪ. ಹೆಚ್ಚು ಹೂವು ಬೇಕಾದಾಗ ಮುಂಜಾನೆಯ ಲೋಕಲ್ ಹಿಡಿದು ದಾದರಿನ ಹೂವಿನ ಮಾರುಕಟ್ಟೆಗೆ ಹೋಗುವವರೂ ಉಂಟು. ಅದು ದಾದರ್ ನಿಲ್ದಾಣದ ಪಶ್ಚಿಮಕ್ಕೆ, ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ದಸರಾ, ದೀಪಾವಳಿ, ಗಣೇಶ ಚತುರ್ಥಿಯ ಮುನ್ನಾದಿನಗಳಲ್ಲಿ ಬೆಲೆ ಏರುವುದು ಸಹಜ. ಆದ್ದರಿಂದ ಬಾಳಿಕೆಯ ಸೇವಂತಿಗೆಯನ್ನು ಎರಡು ದಿನ ಮೊದಲೇ ತಂದಿಡುವುದು ಲಾಭಕರ.

ಇಲ್ಲಿ ಹೂವಿನ ಹೆಸರು ಮರಾಠಿಯಲ್ಲಿ ತಿಳಿದಿದ್ದರೆ ವ್ಯವಹಾರ ಸುಲಭ. ನಮ್ಮ ಸುಗಂಧರಾಜ ಇಲ್ಲಿ ನಿಶಿಗಂಧ, ಚೆಂಡುಹೂವು ಝೆಂಡು, ಸೇವಂತಿಗೆ ಶೇವಂತಿ, ಕನಕಾಂಬರ ಅಬೋಲಿ, ಮಲ್ಲಿಗೆ ಮೋಗರಾ. ಕೊಳ್ಳುವಾಗ ಹೂವಿಗಿಂತ ಮೊದಲು ಕಾಂಡದ ತುದಿಯನ್ನು ನೋಡಬೇಕು. ತುದಿ ಕಂದಿ ಲೋಳೆಯಾಗಿದ್ದರೆ ಆ ಕಟ್ಟು ಬಹಳ ಹೊತ್ತಿನಿಂದ ಕೊಳಕು ನೀರಿನಲ್ಲಿದೆ ಎಂದರ್ಥ. ಗುಲಾಬಿಯ ಮೊಗ್ಗನ್ನು ಬುಡದಲ್ಲಿ ಮೆಲ್ಲಗೆ ಒತ್ತಿದರೆ ಗಟ್ಟಿಯಾಗಿರಬೇಕು. ಸುಗಂಧರಾಜದಲ್ಲಿ ಕೆಳಗಿನ ಎರಡು ಮೂರು ಹೂಗಳು ಮಾತ್ರ ಅರಳಿ, ಮೇಲಿನವು ಮೊಗ್ಗಾಗಿರುವ ದಂಟನ್ನು ಆರಿಸಬೇಕು.

ಮನೆಗೆ ತಂದ ಮೇಲೆ

ಕತ್ತರಿಸಿದ ಕಾಂಡವು ಒಣಗಾಳಿಯಲ್ಲಿದ್ದಾಗ ಅದರ ನೀರುನಾಳಗಳೊಳಗೆ ಗಾಳಿ ಸೇರಿ ನೀರಿನ ಹಾದಿ ಮುಚ್ಚುತ್ತದೆ. ಆದ್ದರಿಂದ ಬಾಲ್ದಿಯ ನೀರಿನೊಳಗೆ ಮುಳುಗಿಸಿಯೇ, ಹರಿತವಾದ ಚಾಕುವಿನಿಂದ ತುದಿಯನ್ನು ಸುಮಾರು 2 ಸೆಂಟಿಮೀಟರಿನಷ್ಟು ಓರೆಯಾಗಿ ಕತ್ತರಿಸಬೇಕು. ಮೊಂಡು ಕತ್ತರಿಯು ನಾಳಗಳನ್ನು ಜಜ್ಜುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು. ಅವು ಕೊಳೆತು ಬ್ಯಾಕ್ಟೀರಿಯಾ ಬೆಳೆದರೆ ಕಾಂಡದ ಬಾಯಿ ಕಟ್ಟುತ್ತದೆ. ಅನಂತರ ಹೂಗಳನ್ನು ಒಂದೆರಡು ಗಂಟೆ ನೆರಳಿನಲ್ಲಿ, ಬಾಲ್ದಿಯ ನೀರಿನಲ್ಲೇ ಬಿಡುವುದು ಉತ್ತಮ.

ಹೂದಾನಿಯ ನೀರಿಗೆ ಔಷಧಿಯ ಪುಡಿ ಕೊಳ್ಳಬೇಕಾಗಿಲ್ಲ. 1 ಲೀಟರ್ ನೀರಿಗೆ 1 ಚಮಚ ಸಕ್ಕರೆ, 2 ಚಮಚ ನಿಂಬೆರಸ, ಬಟ್ಟೆಗೆ ಬಳಸುವ ಬ್ಲೀಚಿನ ಕೆಲವೇ ಹನಿಗಳು ಸಾಕು. ಸಕ್ಕರೆ ಹೂವಿಗೆ ಆಹಾರ. ನಿಂಬೆಹುಳಿ ಕಾಂಡವು ನೀರನ್ನು ಸರಾಗವಾಗಿ ಎಳೆದುಕೊಳ್ಳಲು ಸಹಾಯಕ. ಬ್ಲೀಚ್ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಬರಿಯ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೇ ಔತಣವಿತ್ತಂತಾಗುವುದು. ಹೂದಾನಿಯನ್ನು ಬಾಳೆಹಣ್ಣು, ಮಾವಿನಹಣ್ಣುಗಳ ಬುಟ್ಟಿಯ ಬಳಿ ಇರಿಸಬಾರದು. ಮಾಗುವ ಹಣ್ಣುಗಳು ಹೊರಸೂಸುವ ಎಥಿಲೀನ್ ಅನಿಲವು ಹೂವನ್ನು ಬೇಗ ಬಾಡಿಸುತ್ತದೆ. ಫ್ಯಾನಿನ ನೇರ ಗಾಳಿಯೂ ಸಲ್ಲದು.

ಜೋಡಿಸುವ ಕ್ರಮ

ಗಾಜಿನ ದುಬಾರಿ ಹೂದಾನಿ ಅನಿವಾರ್ಯವಲ್ಲ. ಊರಿನಿಂದ ತಂದ ಹಿತ್ತಾಳೆಯ ತಂಬಿಗೆ, ಉಪ್ಪಿನಕಾಯಿಯ ಹಳೆಯ ಭರಣಿ, ಉದ್ದ ಕತ್ತಿನ ಬಾಟಲಿ ಎಲ್ಲವೂ ಯೋಗ್ಯ. ಅಗಲ ಬಾಯಿಯ ಪಾತ್ರೆಯಾದರೆ ಅದರ ಮೇಲೆ ಪಾರದರ್ಶಕ ಟೇಪನ್ನು ಅಡ್ಡಕ್ಕೂ ಉದ್ದಕ್ಕೂ ಅಂಟಿಸಿ ಚೌಕಗಳನ್ನು ಮಾಡಿಕೊಂಡರೆ ಕಾಂಡಗಳು ನೆಟ್ಟಗೆ ನಿಲ್ಲುತ್ತವೆ. ಅಂಗಡಿಯ ಹಸಿರು ಫೋಮ್ ಮಣ್ಣಿನಲ್ಲಿ ಕರಗದ ಒಂದು ಬಗೆಯ ಪ್ಲಾಸ್ಟಿಕ್. ಅದನ್ನು ಬಿಡುವುದು ಲೇಸು.

ಅತಿ ಎತ್ತರದ ಹೂವು ಪಾತ್ರೆಯ ಎತ್ತರದ ಒಂದೂವರೆ ಪಟ್ಟು ಇರಲಿ ಎಂಬುದು ಜಪಾನಿನ ಇಕೆಬಾನಾದಲ್ಲಿಯೂ ಪಾಶ್ಚಾತ್ಯ ಪದ್ಧತಿಯಲ್ಲಿಯೂ ಕಾಣುವ ಸರಳ ಅಳತೆ. ಮೊದಲು ಹಸಿರು, ಬಳಿಕ ದೊಡ್ಡ ಹೂ, ಕೊನೆಗೆ ಸಣ್ಣ ಹೂ ಎಂಬ ಕ್ರಮದಲ್ಲಿ ನಿಲ್ಲಿಸಬೇಕು. ಹೂಗಳು ಮೂರು, ಐದು, ಏಳು ಎಂಬಂತೆ ಬೆಸ ಸಂಖ್ಯೆಯಲ್ಲಿದ್ದರೆ ನೋಟಕ್ಕೆ ಚೆಲುವು. ಹಸಿರಿಗೆ ಹಣ ತೆರಬೇಕಿಲ್ಲ. ಬಾಲ್ಕನಿಯ ಕ್ರೋಟನ್, ಮನಿಪ್ಲಾಂಟ್, ಪೂಜೆಗೆ ತಂದು ಉಳಿದ ಮಾವಿನ ಕುಡಿ ಸಾಕು. ಸಣ್ಣ ಕೋಣೆಗಳ ನಮ್ಮ ಮನೆಗಳಿಗೆ ಐದು ಸೇವಂತಿಗೆಯ ಒಂದು ತಂಬಿಗೆಯೇ ತುಂಬು ಶೋಭೆ ನೀಡುತ್ತದೆ. ಕಾಂಡವಿಲ್ಲದ ಬಿಡಿ ಚೆಂಡುಹೂಗಳಾದರೆ ಅಗಲವಾದ ಉರುಳಿಯಲ್ಲಿ ನೀರು ತುಂಬಿ ತೇಲಿಬಿಡಬಹುದು.

ಆಯಾ ಹೂವಿನ ಸ್ವಭಾವ

ಸೇವಂತಿಗೆಯು ಅಗ್ಗದ ಹೂಗಳಲ್ಲಿ ದೀರ್ಘಾಯುಷಿ. ಆರೈಕೆಯಿದ್ದರೆ ವಾರ ಮೀರಿ ಬಾಳುತ್ತದೆ. ಜರ್ಬೆರಾದ ರೋಮಭರಿತ ಕಾಂಡ ಬೇಗ ಕೊಳೆಯುವುದರಿಂದ ಅದಕ್ಕೆ ನಾಲ್ಕು ಬೆರಳಿನಷ್ಟೇ ನೀರು ಸಾಕು. ಗ್ಲಾಡಿಯೋಲಸ್ ಮತ್ತು ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ, ಬಾಡಿದ ಹೂಗಳನ್ನು ಕಿತ್ತರೆ ಮೇಲಿನವು ಅರಳುತ್ತವೆ. ತಲೆಬಾಗಿದ ಗುಲಾಬಿಯ ತುದಿಯನ್ನು ಮತ್ತೆ ಕತ್ತರಿಸಿ, ಇಡೀ ದಂಟನ್ನು ಅರ್ಧ ಗಂಟೆ ನೀರಿನಲ್ಲಿ ಮಲಗಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕಣಗಿಲೆಯು ವಿಷಯುಕ್ತವಾದುದರಿಂದ ಎಳೆಯ ಮಕ್ಕಳಿರುವ ಮನೆಯಲ್ಲಿ ಹೂದಾನಿಗೆ ಬೇಡ.

ಮರೆಯಬಾರದ ಎರಡು ಮಾತು

ಹೂದಾನಿಯ ನಿಂತ ನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ತವರು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮಳೆಗಾಲದ ಠಾಣೆಯಲ್ಲಿ ಇದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಎರಡು ದಿನಕ್ಕೊಮ್ಮೆ ನೀರನ್ನು ಚೆಲ್ಲಿ, ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆದು, ಕಾಂಡದ ತುದಿಯನ್ನು ತುಸು ಕತ್ತರಿಸಿ ಹೊಸ ನೀರಿಗಿಟ್ಟರೆ ಮನೆಯವರ ಆರೋಗ್ಯವೂ ಹೂವಿನ ಆಯುಷ್ಯವೂ ಉಳಿಯುತ್ತವೆ.

ಬಾಡಿದ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾಸುಂದಾ ಕೆರೆಗಾಗಲಿ ಖಾಡಿಗಾಗಲಿ ಹಾಕುವುದು ಭಕ್ತಿಯಲ್ಲ. ದಾರ, ಟೇಪುಗಳನ್ನು ಬೇರ್ಪಡಿಸಿ ಹಸಿ ಕಸಕ್ಕೆ ಕೊಡಬಹುದು. ಅಥವಾ ಸಣ್ಣಗೆ ಹೆಚ್ಚಿ ಬಾಲ್ಕನಿಯ ಕುಂಡದ ಮಣ್ಣಿಗೆ ಬೆರೆಸಬಹುದು. ಈ ವಾರದ ಸೇವಂತಿಗೆ ಹೀಗೆ ಮುಂದಿನ ತಿಂಗಳ ತುಳಸಿಗೆ ಗೊಬ್ಬರವಾಗಲಿ. ಬರುವ ಹಬ್ಬಕ್ಕೆ ಓದುಗರು ಒಂದು ತಂಬಿಗೆ, ಐದು ಹೂವಿನಿಂದ ಈ ಪ್ರಯೋಗವನ್ನು ಆರಂಭಿಸಲಿ ಎಂಬುದು ನಮ್ಮ ಹಾರೈಕೆ.