ಟ್ಯೂಪಲ್ ಸಹಾಯಕ ಫಂಕ್ಷನ್‌ಗಳು

ಕೆಲವು ಮೌಲ್ಯಗಳನ್ನು ಗೊತ್ತಾದ ಕ್ರಮದಲ್ಲಿ ಒಟ್ಟಿಗೆ ಹಿಡಿದಿಡುವ ರಚನೆಗೆ ಪ್ರೋಗ್ರಾಮಿಂಗಿನಲ್ಲಿ ಟ್ಯೂಪಲ್ ಎನ್ನುತ್ತಾರೆ. ಎರಡೇ ಮೌಲ್ಯಗಳಿದ್ದರೆ ಅದು ಜೋಡಿ. ಪಟ್ಟಿ ಬೆಳೆಯಬಹುದು, ಕುಗ್ಗಬಹುದು. ಟ್ಯೂಪಲಿನ ಅಳತೆ ಮಾತ್ರ ಸ್ಥಿರ. ಅದರೊಳಗೆ ಒಂದು ಸಂಖ್ಯೆ, ಇನ್ನೊಂದು ಹೆಸರು ಹೀಗೆ ಬೇರೆ ಬೇರೆ ಬಗೆಯವು ಕೂಡಿರಬಹುದು. ಟ್ಯೂಪಲಿನಿಂದ ಒಂದು ಅಂಶವನ್ನು ತೆಗೆಯಲು, ಅಂಶಗಳನ್ನು ಅದಲುಬದಲು ಮಾಡಲು, ಒಂದೊಂದರ ಮೇಲೂ ಪ್ರತ್ಯೇಕ ಕೆಲಸ ನಡೆಸಲು ಫಂಕ್ಷನಲ್ ಭಾಷೆಗಳು ಪುಟ್ಟ ಫಂಕ್ಷನ್‌ಗಳನ್ನು ಒದಗಿಸುತ್ತವೆ. ಬಹುತೇಕ ಒಂದೇ ಸಾಲಿನವಾದ ಇವುಗಳನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಒಂದು ಭಾಷೆ ಟೈಪ್‌ಗಳ ಬಗ್ಗೆ, ಲೆಕ್ಕ ನಡೆಯುವ ಹೊತ್ತಿನ ಬಗ್ಗೆ ಏನು ನಿಲುವು ತಳೆದಿದೆ ಎಂಬುದು ಇವುಗಳಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆಡೆ ತಿಳಿಯುವುದು ಅಪರೂಪ.

ಜೋಡಿಯನ್ನು ಗಣಗಳಿಂದಲೇ ಕಟ್ಟಬಹುದೆಂದು ನಾರ್ಬರ್ಟ್ ವೀನರ್ 1914ರಲ್ಲಿ ತೋರಿಸಿದರು; ಇಂದು ಬಳಕೆಯಲ್ಲಿರುವ ಸರಳ ವ್ಯಾಖ್ಯೆ 1921ರಲ್ಲಿ ಕಾಜಿಮಿಯೆಜ್ ಕುರಾಟೋವ್‌ಸ್ಕಿ ಕೊಟ್ಟದ್ದು. 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿ ಫಂಕ್ಷನ್ ಬಿಟ್ಟು ಬೇರೇನೂ ಇಲ್ಲ, ಹಾಗಾಗಿ ಅಲ್ಲಿ ಜೋಡಿಯೂ ಫಂಕ್ಷನ್ನೇ. ಸಂಖ್ಯೆಗಳೂ ಅಲ್ಲಿ ಫಂಕ್ಷನ್‌ಗಳೇ; ಚರ್ಚ್ ಸಂಖ್ಯೆಗಳೆಂಬ ಈ ರೂಪದಲ್ಲಿ ಕೂಡುವುದು ಸುಲಭ, ಒಂದನ್ನು ಕಳೆಯುವುದೇ ಕಷ್ಟ. ಚರ್ಚ್ ಅವರ ಶಿಷ್ಯ ಸ್ಟೀಫನ್ ಕ್ಲೀನಿ ಈ ಗಂಟನ್ನು ಬಿಡಿಸಿದರು. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ರೂಪ ಹೀಗಿದೆ: (0, 0) ಎಂಬ ಜೋಡಿಯಿಂದ ಹೊರಟು, ಪ್ರತಿ ಹೆಜ್ಜೆಗೂ ಎರಡನೆಯ ಅಂಶವನ್ನು ಮೊದಲ ಸ್ಥಾನಕ್ಕೆ ಸರಿಸಿ, ಅದಕ್ಕೆ ಒಂದು ಕೂಡಿಸಿ ಎರಡನೆಯ ಸ್ಥಾನದಲ್ಲಿಡಬೇಕು. ಐದರಿಂದ ಒಂದನ್ನು ಕಳೆಯಲು ಐದು ಹೆಜ್ಜೆ ಹಾಕಿದರೆ (4, 5) ಸಿಗುತ್ತದೆ. ಮೊದಲ ಅಂಶವೇ ಉತ್ತರ. ಅಂಶ ತೆಗೆಯುವ ಫಂಕ್ಷನ್ ಇಲ್ಲಿ ಬರೀ ಅನುಕೂಲವಲ್ಲ, ಅಂಕಗಣಿತವೇ ಅದರ ಮೇಲೆ ನಿಂತಿದೆ.

ಯಂತ್ರದ ಮೇಲೆ ಈ ಕಲ್ಪನೆ ಇಳಿದದ್ದು ಲಿಸ್ಪ್‌ನೊಂದಿಗೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಆರಂಭಿಸಿದ ಈ ಭಾಷೆ ಐಬಿಎಂ 704 ಯಂತ್ರದಲ್ಲಿ ಓಡುತ್ತಿತ್ತು. ಆ ಯಂತ್ರದ 36 ಬಿಟ್‌ಗಳ ಪದದಲ್ಲಿ ತಲಾ 15 ಬಿಟ್‌ಗಳ ಎರಡು ಭಾಗಗಳಿದ್ದವು. ಅವುಗಳನ್ನು ಓದುವ ಫಂಕ್ಷನ್‌ಗಳೇ ‘ಕಾರ್’ ಮತ್ತು ‘ಕುಡರ್’. ಲಿಸ್ಪ್‌ನಲ್ಲಿ ಪಟ್ಟಿಯೂ ಜೋಡಿಗಳ ಸರಪಳಿಯೇ ಆದ್ದರಿಂದ ಈ ಎರಡನ್ನು ಬೆಸೆದು ಯಾವ ಆಳದ ಅಂಶವನ್ನಾದರೂ ತಲುಪಬಹುದಿತ್ತು.

1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ಎಂಎಲ್ ರೂಪಿಸಿದ ಮೇಲೆ ಈ ಸ್ವಾತಂತ್ರ್ಯಕ್ಕೆ ಬೇಲಿ ಬಿತ್ತು. ಪ್ರತಿ ಅಂಶದ ಟೈಪ್ ಕಂಪೈಲರಿಗೆ ಮೊದಲೇ ತಿಳಿದಿರಬೇಕು. ಎರಡು ಅಂಶದ ಟ್ಯೂಪಲ್ ಒಂದು ಟೈಪ್, ಮೂರು ಅಂಶದ್ದು ಮತ್ತೊಂದು. ಹಾಗಾಗಿ ಮೊದಲ ಅಂಶ ಕೊಡುವ ‘ಎಫ್‌ಎಸ್‌ಟಿ’, ಎರಡನೆಯದನ್ನು ಕೊಡುವ ‘ಎಸ್‌ಎನ್‌ಡಿ’ ಜೋಡಿಗೆ ಮಾತ್ರ ಸಲ್ಲುತ್ತವೆ. ಸ್ಟ್ಯಾಂಡರ್ಡ್ ಎಂಎಲ್ ಬೇರೆ ದಾರಿ ಹಿಡಿದು, ಟ್ಯೂಪಲನ್ನು ಅಂಕಿಗಳೇ ಹೆಸರಾದ ರೆಕಾರ್ಡ್ ಎಂದು ಪರಿಗಣಿಸಿತು. ಅದರ #1 ಎಷ್ಟೇ ಅಂಶಗಳ ಟ್ಯೂಪಲಿಗೂ ಹೊಂದುತ್ತದೆ, ಆದರೆ ಒಟ್ಟು ಎಷ್ಟು ಅಂಶಗಳಿವೆ ಎಂಬುದು ಸುತ್ತಲಿನ ಕೋಡಿನಿಂದ ಗೊತ್ತಾಗಬೇಕು.

ಹಲವು ಆರ್ಗ್ಯುಮೆಂಟ್‌ಗಳನ್ನು ಟ್ಯೂಪಲಾಗಿ ಒಟ್ಟಿಗೆ ಕೊಡಬಹುದು, ಇಲ್ಲವೇ ಒಂದೊಂದಾಗಿ ಕೊಡಬಹುದು. ಎರಡನೆಯ ವಿಧಾನವನ್ನು ಮೋಸೆಸ್ ಶ್ಯೋನ್‌ಫಿಂಕೆಲ್ 1924ರ ಲೇಖನದಲ್ಲಿ ವಿವರಿಸಿದ್ದರೂ ಅದಕ್ಕೆ ಅಂಟಿಕೊಂಡದ್ದು ಹ್ಯಾಸ್ಕೆಲ್ ಕರಿ ಅವರ ಹೆಸರು. ಒಂದರಿಂದ ಇನ್ನೊಂದಕ್ಕೆ ದಾಟಿಸುವ ‘ಕರಿ’ ಮತ್ತು ‘ಅನ್‌ಕರಿ’ ಫಂಕ್ಷನ್‌ಗಳು ಹ್ಯಾಸ್ಕೆಲ್ ಭಾಷೆಯಲ್ಲಿ ಇಂದಿಗೂ ದಿನಬಳಕೆಯವು.

ಎಲ್ಲಕ್ಕಿಂತ ಸ್ವಾರಸ್ಯಕರವಾದ ಅಧ್ಯಾಯ ತೆರೆದದ್ದು ಲೇಜಿ ಭಾಷೆಗಳಲ್ಲಿ, ಅಂದರೆ ಬೇಕಾದಾಗ ಮಾತ್ರ ಲೆಕ್ಕ ಮಾಡುವ ಭಾಷೆಗಳಲ್ಲಿ. ಪಠ್ಯವೊಂದನ್ನು ಮೊದಲ ಸಾಲು, ಉಳಿದ ಭಾಗ ಎಂದು ಒಡೆದು ಜೋಡಿಯಾಗಿ ಕೊಡುವ ಫಂಕ್ಷನ್ ಇದೆಯೆನ್ನಿ. ಮೊದಲ ಸಾಲು ಮುದ್ರಣವಾಗುತ್ತಿರುವಾಗ ಉಳಿದ ಭಾಗವು ‘ಎಸ್‌ಎನ್‌ಡಿ’ಯ ಬಾಕಿ ಲೆಕ್ಕವಾಗಿಯೇ ಇರುತ್ತದೆ. ಆ ಬಾಕಿ ಇಡೀ ಜೋಡಿಯನ್ನು ಹಿಡಿದುಕೊಂಡಿರುವುದರಿಂದ, ಆಗಲೇ ಮುದ್ರಿಸಿ ಮುಗಿದ ಅಕ್ಷರಗಳೂ ಮೆಮೊರಿಯಿಂದ ಹೋಗುವುದಿಲ್ಲ. ಸಾಲು ಉದ್ದವಾದಷ್ಟೂ ಮೆಮೊರಿ ತುಂಬುತ್ತದೆ. ಫಿಲಿಪ್ ವಾಡ್ಲರ್ 1987ರಲ್ಲಿ ಇದಕ್ಕೊಂದು ಪರಿಹಾರ ಪ್ರಕಟಿಸಿದರು: ಗಾರ್ಬೇಜ್ ಕಲೆಕ್ಟರ್ ಮೆಮೊರಿ ಗುಡಿಸುವಾಗ ಇಂಥ ಬಾಕಿ ಎದುರಾದರೆ, ಜೋಡಿ ಸಿದ್ಧವಾಗಿದ್ದಲ್ಲಿ ಅಂಶವನ್ನು ತಾನೇ ತೆಗೆದು ಬಾಕಿಯ ಜಾಗದಲ್ಲಿಡಬೇಕು. ಲೇಜಿ ಭಾಷೆಯಾದ ಹ್ಯಾಸ್ಕೆಲ್‌ನ ಮುಖ್ಯ ಕಂಪೈಲರ್ ಜಿಎಚ್‌ಸಿ ಇಂದಿಗೂ ಹೀಗೆಯೇ ಮಾಡುತ್ತದೆ. ಒಂದು ಸಾಲಿನ ಫಂಕ್ಷನ್ನಿಗಾಗಿ ಮೆಮೊರಿ ವ್ಯವಸ್ಥೆಯನ್ನೇ ತಿದ್ದಬೇಕಾಯಿತು ಎಂಬುದು ಸಣ್ಣ ಸಂಗತಿಯಲ್ಲ.

ಅಂಶ ತೆಗೆಯುವುದರ ಇನ್ನೊಂದು ಮಗ್ಗುಲು ಜೋಡಿ ಕಟ್ಟುವುದು. ಫೋರ್ಟ್ರಾನ್‌ನ ಜನಕ ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಒಂದೇ ಮೌಲ್ಯವನ್ನು ಹಲವು ಫಂಕ್ಷನ್‌ಗಳಿಗೆ ಕೊಟ್ಟು ಫಲಿತಾಂಶಗಳನ್ನು ಸಾಲಾಗಿ ಪಡೆಯುವ ವಿಧಾನವನ್ನು ತಮ್ಮ ಎಫ್‌ಪಿ ಪದ್ಧತಿಯ ಅಡಿಪಾಯಗಳಲ್ಲಿ ಒಂದಾಗಿಸಿದರು. ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಆ್ಯರೋಗಳ (ಫಂಕ್ಷನ್‌ಗಳಂತೆ ಒಂದಕ್ಕೊಂದು ಬೆಸೆಯಬಲ್ಲ ಲೆಕ್ಕಗಳ) ಸಿದ್ಧಾಂತದಲ್ಲಿ ಅದೇ ಯೋಚನೆ &&& ಎಂಬ ಆಪರೇಟರ್ ಆಗಿ ಬಂತು; ಎರಡು ಅಂಶಗಳ ಮೇಲೆ ಎರಡು ಬೇರೆ ಕೆಲಸ ನಡೆಸಲು *** ಸೇರಿತು. ಪಟ್ಟಿಯ ಮೊತ್ತ ಮತ್ತು ಉದ್ದವನ್ನು &&& ಇಂದ ಜೋಡಿಯಾಗಿ ಪಡೆದು, ಭಾಗಾಕಾರಕ್ಕೆ ‘ಅನ್‌ಕರಿ’ ಹಚ್ಚಿ ಅದರ ಕೈಗಿತ್ತರೆ ಸರಾಸರಿ ಸಿದ್ಧ. ಆ್ಯರೋಗಳ ಟೈಪ್‌ಗಳು ಹೊಸಬರಿಗೆ ಕಠಿಣ. 2015ರಲ್ಲಿ ಜಿಎಚ್‌ಸಿ 7.10 ತನ್ನ ಮೂಲ ಲೈಬ್ರರಿಗೆ ಸೇರಿಸಿದ ‘ಬೈಮ್ಯಾಪ್’ ಜೋಡಿಗಳ ಮಟ್ಟಿಗೆ *** ಮಾಡುವ ಕೆಲಸವನ್ನೇ ಹೆಚ್ಚು ತಿಳಿಯಾಗಿ ಮಾಡುತ್ತದೆ. ಅದೇ ಆವೃತ್ತಿಯಿಂದ ಯಾವುದೇ ಜೋಡಿಯ ಉದ್ದ ಕೇಳಿದರೆ ಉತ್ತರ 1 ಎಂದು ಬರತೊಡಗಿತು, ಏಕೆಂದರೆ ಎರಡನೆಯ ಅಂಶ ಮಾತ್ರ ಒಳಗಿನ ವಸ್ತುವೆಂದು ಎಣಿಕೆಗೆ ಸಿಗುತ್ತದೆ. ನಿಯಮದ ಪ್ರಕಾರ ಇದು ಸರಿ. ಆದರೂ ಬಳಸುವವರನ್ನು ದಾರಿ ತಪ್ಪಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ.

ಎರಡಕ್ಕಿಂತ ಹೆಚ್ಚು ಅಂಶಗಳ ಸಮಸ್ಯೆ ಬಹುಕಾಲ ಹಾಗೆಯೇ ಉಳಿಯಿತು. ಹ್ಯಾಸ್ಕೆಲ್‌ನಲ್ಲಿ ಪಟ್ಟಿಗಳನ್ನು ಟ್ಯೂಪಲುಗಳಾಗಿ ಹೆಣೆಯುವ ‘ಜಿಪ್’ನ ರೂಪಗಳನ್ನು ಏಳು ಪಟ್ಟಿಗಳವರೆಗೆ ಒಂದೊಂದಾಗಿ ಬರೆದಿಡಲಾಗಿದೆ. ಸ್ಕಾಲಾದಲ್ಲಿ ಟ್ಯೂಪಲಿಗೆ 22 ಅಂಶಗಳೇ ಗರಿಷ್ಠ ಮಿತಿಯಾಗಿತ್ತು. 2021ರ ಸ್ಕಾಲಾ 3 ಟ್ಯೂಪಲನ್ನು ಮೊದಲ ಅಂಶ ಮತ್ತು ಉಳಿದ ಟ್ಯೂಪಲ್ ಎಂದು ಟೈಪ್ ಮಟ್ಟದಲ್ಲೇ ಬಿಡಿಸಿಕೊಂಡು ಆ ಮಿತಿಯನ್ನು ತೆಗೆದುಹಾಕಿತು. ಎರಡು ಟ್ಯೂಪಲುಗಳನ್ನು ಜೋಡಿಸಿದರೆ ಬರುವ ಹೊಸ ಟ್ಯೂಪಲಿನ ಟೈಪನ್ನು ಅಲ್ಲಿ ಕಂಪೈಲರ್ ತಾನೇ ಲೆಕ್ಕ ಹಾಕುತ್ತದೆ.