ಟೂರ್ ಡಿ ಫ್ರಾನ್ಸ್: ಹಲವು ಹಂತಗಳ ಸೈಕಲ್ ಓಟವನ್ನು ಅನುಸರಿಸುವ ಬಗೆ

ಟೂರ್ ಡಿ ಫ್ರಾನ್ಸ್ ಎಂಬುದು ಪ್ರತಿವರ್ಷ, ಸಾಮಾನ್ಯವಾಗಿ ಜುಲೈ ತಿಂಗಳಿನಲ್ಲಿ, ಮುಖ್ಯವಾಗಿ ಫ್ರಾನ್ಸ್ ದೇಶದ ರಸ್ತೆಗಳಲ್ಲಿ ನಡೆಯುವ ವೃತ್ತಿಪರ ಸೈಕಲ್ ಸ್ಪರ್ಧೆ. ‘ಲೋಟೊ’ ಎಂಬ ಕ್ರೀಡಾಪತ್ರಿಕೆಯು ತನ್ನ ಪ್ರಸಾರ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಲು 1903ರಲ್ಲಿ ಇದನ್ನು ಆರಂಭಿಸಿತು. ಆ ವರ್ಷ ಓಟವು 6 ಹಂತಗಳಲ್ಲಿ ನಡೆಯಿತು; 60 ಸವಾರರು ಹೊರಟರೂ ಕೊನೆಮುಟ್ಟಿದವರು 21 ಮಂದಿ ಮಾತ್ರ. ಈಗ 21 ಹಂತಗಳೂ 2 ವಿಶ್ರಾಂತಿ ದಿನಗಳೂ ಇದ್ದು, ಒಟ್ಟು ದೂರ ಸುಮಾರು 3,400 ಕಿ.ಮೀ. ಆಗುತ್ತದೆ. ಮಹಿಳೆಯರ ಈಗಿನ ಓಟವು 2022ರಿಂದ ನಡೆಯುತ್ತಿದೆ.

ಗೆಲುವಿನ ಲೆಕ್ಕ

ಹೊಸದಾಗಿ ನೋಡುವವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ದಿನದ ಗೆಲುವು ಬೇರೆ, ಓಟದ ಗೆಲುವು ಬೇರೆ. ಪ್ರತಿಯೊಬ್ಬ ಸವಾರನು ಪ್ರತಿ ಹಂತಕ್ಕೆ ತೆಗೆದುಕೊಂಡ ಸಮಯವನ್ನು ಕೂಡಿಸುತ್ತ ಹೋಗುತ್ತಾರೆ. ಎಲ್ಲ ಹಂತಗಳು ಮುಗಿದಾಗ ಯಾರ ಒಟ್ಟು ಸಮಯ ಅತಿ ಕಡಿಮೆಯೋ ಅವರೇ ವಿಜೇತರು. ಆದುದರಿಂದ ಒಂದು ಹಂತವನ್ನೂ ಗೆಲ್ಲದೆ ಇಡೀ ಓಟವನ್ನು ಗೆಲ್ಲುವುದು ಸಾಧ್ಯ. ಗುಂಪಾಗಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯವನ್ನು ಕೊಡಲಾಗುತ್ತದೆ. ಸಾಮಾನ್ಯ ಹಂತಗಳಲ್ಲಿ ಮೊದಲ ಮೂವರ ಒಟ್ಟು ಸಮಯದಿಂದ ಕ್ರಮವಾಗಿ 10, 6 ಮತ್ತು 4 ಸೆಕೆಂಡುಗಳನ್ನು ಕಳೆಯಲಾಗುತ್ತದೆ.

ಜೆರ್ಸಿಗಳ ಬಣ್ಣ

ಒಟ್ಟು ಸಮಯದಲ್ಲಿ ಮುಂದಿರುವವರು ಹಳದಿ ಜೆರ್ಸಿ ಧರಿಸುತ್ತಾರೆ. 1919ರಲ್ಲಿ ಬಂದ ಈ ಬಣ್ಣವು ‘ಲೋಟೊ’ ಪತ್ರಿಕೆಯ ಹಳದಿ ಕಾಗದವನ್ನು ನೆನಪಿಸುತ್ತದೆ. ಹಂತಗಳ ಕೊನೆಯಲ್ಲಿ ಮತ್ತು ನಡುವಿನ ಗೆರೆಗಳಲ್ಲಿ ಗಳಿಸಿದ ಅಂಕಗಳಿಗೆ ಹಸಿರು, ಬೆಟ್ಟ ಏರುವುದರಲ್ಲಿ ಮುಂದಿರುವವರಿಗೆ ಕೆಂಪು ಚುಕ್ಕೆಗಳ ಬಿಳಿ, ಕಿರಿಯರಲ್ಲಿ ಮೊದಲಿಗರಿಗೆ ಬಿಳಿ ಜೆರ್ಸಿ ಸಲ್ಲುತ್ತದೆ.

ತಂಡದ ಪಾತ್ರ

ಗೆಲ್ಲುವವರು ಒಬ್ಬರಾದರೂ ಓಟವು ತಂಡಗಳದು. ಪುರುಷರ ಓಟದಲ್ಲಿ ಪ್ರತಿ ತಂಡಕ್ಕೆ 8 ಸವಾರರು. ಮುಂದಿರುವವನು ಗಾಳಿಯನ್ನು ಸೀಳಿದರೆ ಹಿಂದಿರುವವನ ಶ್ರಮ ಬಹಳಷ್ಟು ಉಳಿಯುತ್ತದೆ. ಆದಕಾರಣ ಜೊತೆಗಾರರು ನಾಯಕನನ್ನು ಗಾಳಿಯ ಮರೆಯಲ್ಲಿ ಕರೆದೊಯ್ಯುತ್ತಾರೆ. ನೀರಿನ ಬಾಟಲಿ ತಂದುಕೊಡುತ್ತಾರೆ. ಅಗತ್ಯವಾದರೆ ತಮ್ಮ ಸೈಕಲ್ಲನ್ನೇ ಬಿಟ್ಟುಕೊಡುತ್ತಾರೆ.

ಸೆಕೆಂಡಿನ ಬೆಲೆ

1989ರ ಓಟದ ಕೊನೆಯ ದಿನ ಫ್ರಾನ್ಸಿನ ಲೊರಾಂ ಫಿನ್ಯೊಂ ಅವರು ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಗಿಂತ 50 ಸೆಕೆಂಡು ಮುಂದಿದ್ದರು. ಲೆಮಾಂಡ್ ಎರಡು ವರ್ಷಗಳ ಹಿಂದೆ ಬೇಟೆಯ ವೇಳೆ ಆಕಸ್ಮಿಕವಾಗಿ ಗುಂಡೇಟು ತಗುಲಿ ಸಾವಿನಂಚಿಗೆ ಹೋಗಿ ಬಂದವರು. ಉಳಿದಿದ್ದುದು ಇತಿಹಾಸದ ಪಾಠದಲ್ಲಿ ಬರುವ ಅದೇ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ., ಒಬ್ಬೊಬ್ಬರೇ ಗಡಿಯಾರದೊಡನೆ ಸೆಣಸುವ ಹಂತ. ಲೆಮಾಂಡ್ 26 ನಿಮಿಷ 57 ಸೆಕೆಂಡುಗಳಲ್ಲಿ ಮುಗಿಸಿದರು. ಫಿನ್ಯೊಂ 27 ನಿಮಿಷ 55 ಸೆಕೆಂಡು ತೆಗೆದುಕೊಂಡರು. ವ್ಯತ್ಯಾಸ 58 ಸೆಕೆಂಡು. 3,285 ಕಿ.ಮೀ. ಓಟವು ಕೇವಲ 8 ಸೆಕೆಂಡುಗಳಲ್ಲಿ ತೀರ್ಮಾನವಾಯಿತು. ಪುರುಷರ ಓಟದಲ್ಲಿ ಇದಕ್ಕಿಂತ ಕಡಿಮೆ ಅಂತರ ಇನ್ನೂ ದಾಖಲಾಗಿಲ್ಲ.

2024ರ ಮಹಿಳೆಯರ ಓಟದಲ್ಲಿ ಅಂತರ ಇನ್ನೂ ಕಿರಿದಾಯಿತು. ಹಳದಿ ಜೆರ್ಸಿಯಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಡೆಮಿ ವೊಲೆರಿಂಗ್ ಐದನೆಯ ಹಂತದಲ್ಲಿ, ಗೆರೆಗೆ ಸುಮಾರು 6 ಕಿ.ಮೀ. ಇರುವಾಗ ಬಿದ್ದರು. ಗೆರೆಯ ಸಮೀಪ, ನಿಯಮವು ಗುರುತಿಸಿದ ಕೊನೆಯ ಕೆಲವು ಕಿಲೋಮೀಟರುಗಳೊಳಗೆ ಬಿದ್ದವರಿಗೆ ಜೊತೆಗಿದ್ದ ಗುಂಪಿನ ಸಮಯವನ್ನೇ ಕೊಡುವುದುಂಟು. ಅವರು ಬಿದ್ದುದು ಆ ಮಿತಿಗೂ ಮುಂಚೆ. ಕೊನೆಯ ದಿನ ಆಲ್ಪ್ ದ್ಯುಯೆಜ್ ಬೆಟ್ಟದ ಮೇಲಿನ ಹಂತವನ್ನು ಅವರೇ ಗೆದ್ದರೂ, ಪೋಲೆಂಡಿನ ಕಾಸ್ಯಾ ನೆವ್ಯಾದೊಮಾ ಒಟ್ಟು ಸಮಯದಲ್ಲಿ 4 ಸೆಕೆಂಡು ಮುಂದುಳಿದು ವಿಜೇತರಾದರು.

ಮನೆಯಲ್ಲಿ ಅನುಸರಿಸುವ ಕ್ರಮ

ಆಯಾ ದಿನದ ಹಂತವು ಸಮತಟ್ಟಿನದೋ, ಬೆಟ್ಟದ್ದೋ, ಒಬ್ಬೊಬ್ಬರೇ ಓಡುವುದೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಹಂತಗಳು ಭಾರತೀಯ ಕಾಲಮಾನದಲ್ಲಿ ಹೆಚ್ಚಾಗಿ ರಾತ್ರಿ 9ರ ಸುಮಾರಿಗೆ ಮುಗಿಯುತ್ತವೆ. ಮರುದಿನ ಮೊದಲ ಐವರ ಅಂತರವನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ನಿಮಿಷ–ಸೆಕೆಂಡುಗಳ ಕೂಡುವ ಕಳೆಯುವ ಅಭ್ಯಾಸವೂ ಆಗುತ್ತದೆ. ಮೂರು ವಾರಗಳ ನಂತರ ಆ ಪುಟಗಳನ್ನು ತಿರುವಿದರೆ, ಓಟವು ಯಾವ ದಿನ, ಯಾವ ತಿರುವಿನಲ್ಲಿ ಕೈತಪ್ಪಿತೆಂಬುದು ಅವರಿಗೇ ಕಾಣುತ್ತದೆ.