ಕಂಪ್ಯೂಟರ್ ಕೆಟ್ಟಿಲ್ಲ, ಆದ್ರೂ ನಡೆಯಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗೀತು. ಅವತ್ತಿಂದ ನಮ್ಮ ಬಳಗದಲ್ಲಿ ನಾಲ್ಕು ಜನ ಫೋನ್ ಮಾಡಿ ಕೇಳಿದ್ದು ಒಂದೇ ಮಾತು, "ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಾಯಿಸ್ಬೇಕು?" ನಾನು ಓದಿದ್ದು ಪಿಯುಸಿ. ಆದ್ರೆ 25 ವರ್ಷದಿಂದ ಮನೇಲಿ ಈ ಡಬ್ಬಗಳು ಬರೋದು ಹೋಗೋದು ನೋಡಿದೀನಿ, ಗೊತ್ತಿಲ್ಲದ್ದನ್ನ ಓದಿ ತಿಳ್ಕೊಂಡಿದೀನಿ. ಕನ್ನಡದಲ್ಲಿ ಓದಿ ಬರೆಯೋ ನಮಗೆ ಈ ಕಥೇಲಿ ಬೇರೆಯೋರಿಗಿಲ್ಲದ ಒಂದು ಲಾಭ ಆಗಿದೆ, ಒಂದು ನಷ್ಟಾನೂ ಆಗಿದೆ.

ವಿಂಡೋಸ್ ಅಂದ್ರೆ ನಮ್ಮ ಹಳೇ ವಠಾರ ಇದ್ದಂಗೆ. ಮೈಕ್ರೋಸಾಫ್ಟ್‌ನೋರು ಮಾಲೀಕರು. ಅದರೊಳಗೆ ನಾವು ಬಳಸೋ ಬ್ರೌಸರ್ರು, ಮಿಕ್ಕಿದ ಸಾಫ್ಟ್‌ವೇರ್‌ಗಳು ಬಾಡಿಗೆದಾರರು. ಮಾಲೀಕರು ರಿಪೇರಿ ನಿಲ್ಲಿಸಿದ ದಿನವೇ ವಠಾರ ಬೀಳಲ್ಲ. ನಲ್ಲಿ ಸೋರಿದ್ರೆ ಯಾರೂ ಬರಲ್ಲ, ಅಷ್ಟೆ. ಆಮೇಲೆ ಒಬ್ಬೊಬ್ಬರೇ ಖಾಲಿ ಮಾಡ್ತಾರೆ. ವಿಂಡೋಸ್ ಎಕ್ಸ್‌ಪಿ ಬಂದಿದ್ದು 2001ರ ಅಕ್ಟೋಬರ್‌ನಲ್ಲಿ, ಮಾಲೀಕರು ಕೈ ಬಿಟ್ಟಿದ್ದು 2014ರ ಏಪ್ರಿಲ್ 8ಕ್ಕೆ. ಗೂಗಲ್ ಕ್ರೋಮ್ 2016ರಲ್ಲಿ ಗಂಟು ಕಟ್ಟಿತು, ಫೈರ್‌ಫಾಕ್ಸ್ 2018ರವರೆಗೂ ಇತ್ತು. ಬ್ರೌಸರ್ ಹೊಸದಾಗೋದು ನಿಂತ ಮೇಲೆ ಇವತ್ತು ಒಂದು ವೆಬ್‌ಸೈಟು ತೆರೆಯಲ್ಲ, ನಾಳೆ ಇನ್ನೊಂದು. ಕಂಪ್ಯೂಟರ್ ಮಾತ್ರ ಹಾಗೇ ಗುಯ್ ಅಂತ ಓಡ್ತಾ ಇರತ್ತೆ.

ಈಗ ಕನ್ನಡದ ವಿಷಯಕ್ಕೆ ಬರ್ತೀನಿ. ನಮ್ಮನೆಗೆ ಮೊದಲನೇ ಕಂಪ್ಯೂಟರ್ ಬಂದಿದ್ದು 2000ದಲ್ಲಿ, ಎಸ್.ಪಿ. ರೋಡಲ್ಲಿ ಜೋಡಿಸಿದ್ದು, ಒಳಗೆ ವಿಂಡೋಸ್ 98. ಅದಕ್ಕೆ ಕನ್ನಡವೇ ಗೊತ್ತಿರಲಿಲ್ಲ. ಹಾಗಂತ ಕನ್ನಡ ಟೈಪ್ ಮಾಡೋರು ಸುಮ್ನೆ ಕೂತಿರಲಿಲ್ಲ. ಇಂಗ್ಲಿಷ್ ಅಕ್ಷರ ಇರೋ ಜಾಗದಲ್ಲಿ ಕನ್ನಡದ ಚೂರುಗಳನ್ನ ಬಿಡಿಸಿಟ್ಟು ಫಾಂಟ್ ಮಾಡಿದ್ರು. ತಲೆಕಟ್ಟು ಒಂದು ಚೂರು, ಕೊಂಬು ಒಂದು ಚೂರು, ಒತ್ತು ಇನ್ನೊಂದು ಚೂರು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್. ಆ ಫಾಂಟಿನ ವೇಷ ಹಾಕಿದಾಗ ನಮ್ಮ ಕಣ್ಣಿಗೆ ಕನ್ನಡ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಿಗೆಲ್ಲ ಅದೇ ಆಯ್ತು. ನುಡಿಯ ಕೀಲಿಮಣೆಗೆ ಬುನಾದಿ ಕೆ.ಪಿ. ರಾವ್ ಅವರು ಜೋಡಿಸಿದ ವಿನ್ಯಾಸ. ಮದುವೆ ಕಾಗದ, ಉಪನಯನದ ಆಹ್ವಾನಪತ್ರಿಕೆ, ಸಂಘದ ವರದಿ, ಎಲ್ಲಾ ಈ ವೇಷದ ಕನ್ನಡದಲ್ಲೇ ಅಚ್ಚಾಗಿದ್ದು. ಹಣ ಕೇಳದೆ ಕೊಟ್ಟ ಆ ಸಾಫ್ಟ್‌ವೇರ್‌ಗಳ ಋಣ ನಮ್ಮ ಮೇಲೆ ಬಹಳ ಇದೆ.

ಯೂನಿಕೋಡ್ ಅಂತ ಇನ್ನೊಂದು ಏರ್ಪಾಡಿತ್ತು. ಅದರಲ್ಲಿ ಕ ಅಂದ್ರೆ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಕ ಅಂತಲೇ ಒಂದು ನಂಬರು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದ್ರೆ ಆ ನಂಬರನ್ನ ಓದಿ, ಒತ್ತಕ್ಷರ ಸರಿಯಾಗಿ ಕೆಳಗೆ ಕೂರಿಸೋ ವಿದ್ಯೆ ಮೈಕ್ರೋಸಾಫ್ಟ್‌ನೋರ ವಿಂಡೋಸ್‌ಗೆ ಬಂದಿದ್ದು ಎಕ್ಸ್‌ಪಿ ಕಾಲಕ್ಕೆ. ಅದರ ಜೊತೇಲಿ 'ತುಂಗಾ' ಅನ್ನೋ ಕನ್ನಡ ಫಾಂಟ್ ಬಂತು. ಹೆಸರು ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೂ ತಾನಾಗೇ ಕೆಲಸ ಮಾಡ್ತಿರಲಿಲ್ಲ. ಸೆಟ್ಟಿಂಗಿನೊಳಗೆ ಹೋಗಿ ಒಂದು ಟಿಕ್ ಹಾಕ್ಬೇಕು, ಆಗ ಅದು ಎಕ್ಸ್‌ಪಿ ಸಿ.ಡಿ. ಕೇಳತ್ತೆ. ಜೋಡಿಸಿಕೊಟ್ಟವರು ಸಿ.ಡಿ. ಕೊಟ್ಟಿರಲ್ಲ, ಕನ್ನಡ ಬದಲು ಬರೀ ಚೌಕ ಚೌಕ ಕಾಣತ್ತೆ. 2003ರಲ್ಲೇ ಕನ್ನಡ ವಿಕಿಪೀಡಿಯ ಶುರುವಾಗಿದ್ರೂ ನಮ್ಮನೇಲಿ ಅದನ್ನ ಓದೋಕಾಗಿದ್ದು ಎಷ್ಟೋ ವರ್ಷದ ಮೇಲೆ.

ಹಾಗಾಗಿ 2008ರಲ್ಲಿ ಫೈರ್‌ಫಾಕ್ಸ್‌ನ 3ನೇ ಆವೃತ್ತಿ ವಿಂಡೋಸ್ 98ನ್ನ ಬಿಟ್ಟಾಗ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ. ಆ ವಠಾರದಲ್ಲಿ ನಮಗೆ ಒಂದು ರೂಮೂ ಇರಲಿಲ್ಲವಲ್ಲ! ಫೋನಲ್ಲೂ ಇದೇ ನಡೀತು ನೋಡಿ. ವಾಟ್ಸಾಪ್ ನೋಕಿಯಾ ಎಸ್40 ಫೋನುಗಳನ್ನ 2018ರ ಕೊನೆಗೆ ಬಿಡ್ತು. 2021ರ ನವೆಂಬರ್‌ನಲ್ಲಿ ಆಂಡ್ರಾಯ್ಡ್ 4.0 ಮತ್ತೆ ಅದಕ್ಕಿಂತ ಹಳೇದನ್ನೆಲ್ಲ ಬಿಟ್ಟು 4.1 ಬೇಕೇ ಬೇಕು ಅಂತು. ಗೂಗಲ್‌ನೋರು ಆಂಡ್ರಾಯ್ಡಿಗೆ ಕನ್ನಡ, ತೆಲುಗು, ಮಲಯಾಳಂ ಅಕ್ಷರ ಜೋಡಿಸಿದ್ದು ಎಷ್ಟನೇದರಲ್ಲಿ ಗೊತ್ತಾ? ಅದೇ 4.1ರಲ್ಲಿ, 2012ರಲ್ಲಿ. ವಾಟ್ಸಾಪ್‌ನೋರು ಕನ್ನಡ ನೆನೆಸ್ಕೊಂಡು ಗೆರೆ ಎಳೆದಿದ್ದಲ್ಲ, ಕಾಕತಾಳೀಯ. ಆದ್ರೂ ಅವತ್ತು ಆಚೆ ಉಳಿದ ಫೋನುಗಳಲ್ಲಿ ಎಷ್ಟೋ ಕನ್ನಡದ ಮೆಸೇಜು ಬಂದ್ರೆ ಚೌಕ ತೋರಿಸೋವೇ.

ಬಿಡೋದ್ಯಾಕೆ ಅಂದ್ರೆ, ಹಳೇದು ಹೊಸದು ಎಲ್ಲದರಲ್ಲೂ ಪ್ರತಿ ಸಲ ಪರೀಕ್ಷೆ ಮಾಡ್ಬೇಕು, ಜನ ಬೇಕು. ಮಾಲೀಕರೇ ಮುಚ್ಚದ ತೂತನ್ನ ಬಾಡಿಗೆದಾರ ಎಷ್ಟು ಮುಚ್ಚಕ್ಕಾಗತ್ತೆ? 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ವೈರಸ್ಸು ಹಬ್ಬಿದಾಗ, ಬಿಟ್ಟು ಮೂರು ವರ್ಷ ಆಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್‌ನೋರು ಓಡಿಬಂದು ತೇಪೆ ಹಾಕಿದ್ರು. ನಾವು ದುಡ್ಡು ತೆಗೆಯೋ ಎಟಿಎಂಗಳಲ್ಲೂ ಎಕ್ಸ್‌ಪಿ ಇತ್ತು! 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಎಲ್ಲಾ ಬ್ಯಾಂಕುಗಳಿಗೂ 2019ರ ಜೂನ್ ಒಳಗೆ ಎಟಿಎಂಗಳನ್ನ ಬದಲಾಯಿಸಿ ಅಂತ ಗಡುವು ಕೊಡ್ಬೇಕಾಯ್ತು. ಹಾಗಾಗಿ ಬಿಡೋದೆಲ್ಲ ದುರಾಸೆ ಅಂತ ನಾನು ಹೇಳಲ್ಲ. ಆದ್ರೆ ಗಟ್ಟಿಮುಟ್ಟಾದ ಕಂಪ್ಯೂಟರಿಗೆ, ಒಳಗೆ ಒಂದು ಚಿಪ್ ಇಲ್ಲ, ಪ್ರೊಸೆಸರ್ ಹಳೇದು ಅಂತ ವಿಂಡೋಸ್ 11 ಹಾಕಬಾರದು ಅನ್ನೋದು ನನಗೆ ಸರಿ ಕಾಣಲ್ಲ. ಮನೆ ಬಳಕೆಯೋರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಾಯಿದೆ ಇಟ್ಟಿದಾರೆ, ಅದಕ್ಕೆ ಹೆಸರು ನೋಂದಾಯಿಸ್ಕೊಳ್ಳಿ. ಆಮೇಲೆ ಅದೇ ಡಬ್ಬಕ್ಕೆ ಲಿನಕ್ಸ್ ಹಾಕಿಸಬಹುದು, ಅದ್ರಲ್ಲೂ ಕನ್ನಡ ಚೆನ್ನಾಗಿ ಬರತ್ತೆ.

ನಷ್ಟ ಆಗಿರೋದು ವೇಷದ ಕನ್ನಡದ ಫೈಲುಗಳಿಗೆ. ನಮ್ಮ ಅತ್ತೆ ಹೇಳ್ತಿದ್ದ ಸಂಪ್ರದಾಯದ ಹಾಡುಗಳು, ಆರತಿ ಹಾಡು, ಬೀಗರ ಹಾಡು, ಎಲ್ಲಾನೂ ನಮ್ಮ ಭಾವನೋರು ವಿಂಡೋಸ್ 98ರಲ್ಲಿ ಟೈಪ್ ಮಾಡಿ ಸಿ.ಡಿ.ಗೆ ಹಾಕಿಟ್ಟಿದ್ರು. ಅತ್ತೆ ಹೋದ ಮೇಲೆ ತೆಗೆದು ನೋಡಿದ್ರೆ ಪರದೆ ತುಂಬ ಟೋಪಿ, ಬಾಲ, ಚುಕ್ಕಿ ಇರೋ ಇಂಗ್ಲಿಷ್ ಅಕ್ಷರ. ಆ ಹಳೇ ಫಾಂಟ್ ಹಾಕಿದಾಗ ಓದಕ್ಕೆ ಬಂತು, ಆದ್ರೆ ಫೋನಿಗೆ ಕಳಿಸಿದ್ರೆ ಮತ್ತೆ ಅದೇ ಗೋಳು. ಕೊನೆಗೆ ಹಳೇದನ್ನ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕದಲ್ಲಿ ಹಾಕಿಸಿದ್ವಿ. ಬಹುಪಾಲು ಸರಿ ಬಂತು. ಅರ್ಕಾವತ್ತು ಇರೋ ಕಡೆಯೆಲ್ಲ ಎಡವಟ್ಟು. ಸೂರ್ಯ, ಪಾರ್ವತಿ, ಅರ್ಚನೆ, ಒಂದೊಂದನ್ನೂ ಕಣ್ಣಿಟ್ಟು ತಿದ್ದಬೇಕಾಯ್ತು. ಎರಡು ಹಾಡಿನ ಫೈಲು ತೆರೀಲೇ ಇಲ್ಲ. ಅವು ಬಾಯಲ್ಲಿ ಬರೋದು ಈಗ ನಮ್ಮ ದೊಡ್ಡ ನಾದಿನಿಗೆ ಒಬ್ಬರಿಗೇ, ಅವರಿಗೂ ಒಂದರ ಕೊನೇ ನುಡಿ ನೆನಪಿಲ್ಲ.

ನಿಮ್ಮನೇಲೂ ಹಳೇ ಸಿ.ಡಿ. ಇದ್ರೆ ಈಗಲೇ ತೆಗೀರಿ. ಈಗಿನ ಲ್ಯಾಪ್‌ಟಾಪಲ್ಲಿ ಸಿ.ಡಿ. ಹಾಕೋ ಜಾಗವೇ ಇರಲ್ಲ, ಹೊರಗಿಂದ ತಗಲಿಸೋ ಡ್ರೈವ್ ಎಸ್.ಪಿ. ರೋಡಲ್ಲಿ ಸಿಗತ್ತೆ. ನನ್ನ ಹತ್ರ ಒಂದಿದೆ, ಬೇಕಾದೋರು ಬಂದು ತಗೊಂಡು ಹೋಗಿ. ಬೀಗರ ಹಾಡಿನ ಆ ಕೊನೇ ನುಡಿ ಯಾರಿಗಾದ್ರೂ ಗೊತ್ತಿದ್ರೆ ಫೋನ್ ಮಾಡಿ.